ಹಳೆಯ ನಿವೇಶನದ ನೆಲದಡಿ ಏನಿದೆ?

ಬೆಂಗಳೂರಿನ ಜಯನಗರ, ಬನಶಂಕರಿ, ಜೆ.ಪಿ. ನಗರ, ಬಿಟಿಎಂ ಬಡಾವಣೆಗಳ ಹಳೆಯ ನಿವೇಶನಗಳಲ್ಲಿ ನೆಲದ ಮೇಲೆ ಒಂದು ಮನೆ ಇದ್ದರೆ, ನೆಲದ ಕೆಳಗೆ ಎರಡು ಮೂರು ಕಟ್ಟಣೆಗಳಿರುವುದು ಸಾಮಾನ್ಯ. ನೀರು ತುಂಬುವ ಸಂಪು, ಶೌಚದ ಸೆಪ್ಟಿಕ್ ಟ್ಯಾಂಕ್ ಅಥವಾ ಪಿಟ್, ಒಂದು ತೆರೆದ ಬಾವಿ, ಬತ್ತಿದ ಬೋರು. ಬಳಕೆಯಲ್ಲಿರುವಷ್ಟು ದಿನ ಅವು ಎಲ್ಲಿವೆ ಎಂಬುದು ಮನೆಯವರಿಗೆಲ್ಲ ಗೊತ್ತಿರುತ್ತದೆ. ಬಳಕೆ ನಿಂತ ಮೇಲೆ ಒಂದು ಚಪ್ಪಡಿ ಮುಚ್ಚಿ, ಮಣ್ಣು ಹರಡಿ, ಅದರ ಮೇಲೆ ಟೈಲ್ಸ್ ಹಾಕಿದರೆ ಒಂದು ತಲೆಮಾರಿನೊಳಗೆ ಅವುಗಳ ನೆನಪೂ ಹೋಗುತ್ತದೆ. ಅಂಥ ಮನೆಯನ್ನು ಕೊಳ್ಳುವವರು, ಕೆಡವಿ ನಾಲ್ಕು ಮಹಡಿ ಎಬ್ಬಿಸುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: ಕೆಳಗೆ ಏನಿದೆ, ಅಗೆಯುವ ಮೊದಲೇ ಅದನ್ನು ತಿಳಿಯುವುದು ಹೇಗೆ? ಈ ಹುಡುಕಾಟ ಯಂತ್ರದಿಂದ ಶುರುವಾಗಬೇಕಿಲ್ಲ. ಕಾಗದಪತ್ರ, ಹಳಬರ ನೆನಪು, ನೆಲದ ಮೇಲಿನ ಗುರುತು, ಪೈಪಿನ ಜಾಡು, ಗಡಾರಿ, ಕೊನೆಗೆ ಯಂತ್ರ ಎಂಬ ಕ್ರಮದಲ್ಲಿ ಹೋದರೆ ಖರ್ಚೂ ಕಡಿಮೆ, ಅಪಾಯವೂ ಕಡಿಮೆ.

ಈ ಕಟ್ಟಣೆಗಳು ಇಲ್ಲಿ ಹೇಗೆ ಬಂದವು ಎಂಬುದು ಬೆಂಗಳೂರಿನ ನೀರಿನ ಚರಿತ್ರೆಯಲ್ಲೇ ಇದೆ. ನಗರಕ್ಕೆ ಕೊಳಾಯಿ ನೀರು ಮೊದಲು ಬಂದದ್ದು ಹೆಸರಘಟ್ಟದಿಂದ, 19ನೇ ಶತಮಾನದ ಕೊನೆಯಲ್ಲಿ. 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಸೇರಿಕೊಂಡಿತು. 1948ರಲ್ಲಿ ಆಗಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿ ಅವರು ಜಯನಗರಕ್ಕೆ ಅಡಿಗಲ್ಲು ಹಾಕಿದಾಗ ಕಾವೇರಿ ನೀರು ಇನ್ನೂ ದೂರದ ಮಾತು. ಕಾವೇರಿಯ ಮೊದಲ ಹಂತ ಬಂದದ್ದು 1974ರಲ್ಲಿ. ನಗರಕ್ಕೊಂದು ಜಲಮಂಡಳಿ ಎಂದು ಕಾನೂನು ಆದದ್ದೇ 1964ರಲ್ಲಿ. ಹೀಗಾಗಿ ಮೊದಮೊದಲು ಬಂದ ಮನೆಗಳು ನೀರಿಗೆ ಬಾವಿಯನ್ನೂ, ಒಳಚರಂಡಿ ಬರುವ ತನಕ ಶೌಚಕ್ಕೆ ಪಿಟ್ಟನ್ನೂ ನೆಚ್ಚಿಕೊಂಡವು. ಮುಂದೆ ದಿನ ಬಿಟ್ಟು ದಿನ ನೀರು ಬಿಡುವ ಪದ್ಧತಿ ಬಂದಾಗ ಸಂಪು ಪ್ರತಿ ಮನೆಯ ಅಗತ್ಯವಾಯಿತು. ಬೋರುಗಳು ಹೆಚ್ಚಿದಂತೆ ತೆರೆದ ಬಾವಿಗಳು ಬತ್ತಿದವು. ಬತ್ತಿದ ಬಾವಿಗೆ ಕಟ್ಟಡದ ಕಸ ಸುರಿದು ಮುಚ್ಚುವುದು ರೂಢಿಯಾಯಿತು. ಮನೆಗಳಿಗಿಂತ ಹಳೆಯ ಬಾವಿಗಳೂ ಉಂಟು, ಏಕೆಂದರೆ ಈ ಬಡಾವಣೆಗಳು ಎದ್ದದ್ದು ಹಳೆಯ ಊರುಗಳ ನೆಲದ ಮೇಲೆ. ಭೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಹೆಸರಿನ ಮೊದಲಕ್ಷರಗಳೇ ಬಿಟಿಎಂ ಆಗಿವೆ. ಸಾರಕ್ಕಿ, ಯಡಿಯೂರು, ಪುಟ್ಟೇನಹಳ್ಳಿ, ಕದಿರೇನಹಳ್ಳಿಗಳೂ ಬಡಾವಣೆಗಳ ನಡುವೆ ಉಳಿದ ಊರುಗಳೇ. ಇಂಥ ಕಡೆ ನಿವೇಶನ ಆಗುವುದಕ್ಕೆ ಮೊದಲು ಆ ನೆಲ ಹೊಲ ಅಥವಾ ತೋಟವಾಗಿತ್ತು. ತೋಟದ ಬಾವಿ ಎಲ್ಲಿತ್ತು ಎಂಬುದು ಈಗಿನ ಮನೆಯ ಯಾವ ಕಾಗದದಲ್ಲೂ ಇರುವುದಿಲ್ಲ.

ಚಳಿ ದೇಶಗಳಲ್ಲಿ ಇದೇ ಪ್ರಶ್ನೆ ಬೇರೆ ರೂಪದಲ್ಲಿದೆ. ಅಮೆರಿಕ, ಕೆನಡಾಗಳ ಹಳೆಯ ಮನೆಗಳ ಅಂಗಳದಲ್ಲಿ ಮನೆ ಬಿಸಿ ಮಾಡಲು ಬಳಸುತ್ತಿದ್ದ ಎಣ್ಣೆಯ ಉಕ್ಕಿನ ಟ್ಯಾಂಕುಗಳು ಹೂತಿರುತ್ತವೆ. ಅನಿಲ ಬಂದ ಮೇಲೆ ಬಳಕೆ ತಪ್ಪಿದ ಅವು ತುಕ್ಕು ಹಿಡಿದು ಸೋರಿ, ಮಣ್ಣನ್ನೂ ಅಂತರ್ಜಲವನ್ನೂ ಕೆಡಿಸುತ್ತವೆ. ಅಲ್ಲಿ ಮನೆ ಕೊಳ್ಳುವ ಮೊದಲು ಅಂಗಳವನ್ನೆಲ್ಲ ಯಂತ್ರದಿಂದ ತಪಾಸಣೆ ಮಾಡಿಸುವುದೇ ಒಂದು ಕಸುಬಾಗಿ ಬೆಳೆದಿದೆ. ಉಕ್ಕು ಕಾಂತಕ್ಕೆ ಸ್ಪಂದಿಸುವುದರಿಂದ ಆ ಕೆಲಸ ಒಂದು ಮಟ್ಟಿಗೆ ಸಲೀಸು. ಬೆಂಗಳೂರಿನ ನೆಲದಡಿ ಇರುವುದು ಬಹುಮಟ್ಟಿಗೆ ಸೈಜುಗಲ್ಲು, ಇಟ್ಟಿಗೆ, ಗಾರೆ, ಸಿಮೆಂಟ್ ರಿಂಗು. ಅವುಗಳಿಗೆ ಕಾಂತದ ಉಪಕರಣ ಸ್ಪಂದಿಸದು. ಆದ್ದರಿಂದ ಅಲ್ಲಿನ ಕ್ರಮವನ್ನು ಹಾಗೆಯೇ ತಂದರೆ ಇಲ್ಲಿ ಫಲ ಸಿಗುವುದಿಲ್ಲ. ಆದರೆ ಕೊಳ್ಳುವ ಮೊದಲೇ ನೋಡಬೇಕು ಎಂಬ ಅಲ್ಲಿನ ಎಚ್ಚರ ಇಲ್ಲಿಗೂ ಬೇಕು.

ಹುಡುಕುವವರಿಗೆ ತಾವು ಹುಡುಕುತ್ತಿರುವುದರ ಗಾತ್ರ ಮೊದಲು ಗೊತ್ತಿರಬೇಕು. ಸೆಪ್ಟಿಕ್ ಟ್ಯಾಂಕಿನ ಭಾರತೀಯ ಮಾನಕ ಐಎಸ್ 2470. ಅದರ ಪ್ರಕಾರ ಐದು ಜನರ ಮನೆಗೆ ಒಂದೂವರೆ ಮೀಟರ್ ಉದ್ದ, ಮುಕ್ಕಾಲು ಮೀಟರ್ ಅಗಲ, ಸುಮಾರು ಒಂದು ಮೀಟರ್ ದ್ರವದ ಆಳ ಇದ್ದರೆ ಸಾಕು. ಅಂದರೆ ಒಬ್ಬ ಮನುಷ್ಯ ಕಾಲು ಮಡಿಸಿ ಮಲಗುವಷ್ಟು ಜಾಗ. ಅದರ ಪಕ್ಕದಲ್ಲಿ ದುಂಡಗಿನ ಇಂಗುಗುಂಡಿ ಇರುತ್ತದೆ. ಅನೇಕ ಮನೆಗಳಲ್ಲಿ ಟ್ಯಾಂಕೇ ಇರಲಿಲ್ಲ. ನೀರು ಮಣ್ಣಿಗೆ ಇಳಿಯಲೆಂದು ಸಂದು ಬಿಟ್ಟು ಕಟ್ಟಿದ ಕಲ್ಲಿನ ಅಥವಾ ಇಟ್ಟಿಗೆಯ ಪಿಟ್ ಒಂದೇ ಎಲ್ಲ ಕೆಲಸ ಮಾಡುತ್ತಿತ್ತು. ಸಂಪು ಇದಕ್ಕಿಂತ ದೊಡ್ಡದು. 8 ಅಡಿ ಉದ್ದ, 6 ಅಡಿ ಅಗಲ, 6 ಅಡಿ ಆಳದ ಸಂಪಿನ ಒಳಗೆ 288 ಘನ ಅಡಿ, ಅಂದರೆ 8000 ಲೀಟರಿಗೂ ಮೀರಿದ ಖಾಲಿ ಜಾಗವಿರುತ್ತದೆ. 6 ಅಡಿ ಅಡ್ಡಳತೆಯ, 30 ಅಡಿ ಆಳದ ಬಾವಿಯಲ್ಲಿ ಸುಮಾರು 850 ಘನ ಅಡಿ ಟೊಳ್ಳು. ಮರಳು ಮಾರುವವರ ಲೆಕ್ಕದಲ್ಲಿ ಹೇಳುವುದಾದರೆ, 100 ಘನ ಅಡಿಯ ಎಂಟೂವರೆ ಯೂನಿಟ್ ತುಂಬಿದರೂ ಅದು ಬಾಯಿಗೆ ಬರುವುದು ಕಷ್ಟ. ಬೋರಿನ ಬಾಯಿ ಮಾತ್ರ ಅಂಗೈ ಅಗಲದ್ದು. ಕೇಸಿಂಗ್ ಪೈಪನ್ನು ಕಿತ್ತು ಮಾರಿದ್ದರೆ ಅದರ ಗುರುತೂ ಉಳಿಯದು. ಹುಡುಕಲು ಅತಿ ಕಷ್ಟವಾದದ್ದು ಇದೇ.

ಕಾಗದಪತ್ರಗಳಲ್ಲಿ ಮೊದಲು ಹುಡುಕಬೇಕಾದದ್ದು ಮನೆಯ ಮಂಜೂರಾದ ನಕ್ಷೆ. ಸೆಪ್ಟಿಕ್ ಟ್ಯಾಂಕ್, ಇಂಗುಗುಂಡಿ, ಸಂಪು, ಬಾವಿಗಳನ್ನು ನಿವೇಶನದ ನಕ್ಷೆಯಲ್ಲಿ ಗುರುತಿಸುವ ರೂಢಿ ಉಂಟು. ಕಟ್ಟಿದ್ದು ನಕ್ಷೆಯಂತೆಯೇ ಇರಬೇಕೆಂದಿಲ್ಲವಾದರೂ ಎಷ್ಟು ಕಟ್ಟಣೆಗಳಿದ್ದವು ಎಂಬುದಾದರೂ ತಿಳಿಯುತ್ತದೆ. ಋಣಭಾರ ಪ್ರಮಾಣಪತ್ರದಲ್ಲಿ (ಇ.ಸಿ.) ಆಸ್ತಿಯ ವ್ಯವಹಾರಗಳು ಸಿಗುತ್ತವೆಯೇ ಹೊರತು ನೆಲದಡಿಯ ವಿಚಾರ ಸಿಗುವುದಿಲ್ಲ. ಇದಕ್ಕಿಂತ ಉಪಯೋಗದ್ದು ಜಲಮಂಡಳಿಯ ಒಳಚರಂಡಿ (ಯುಜಿಡಿ) ಸಂಪರ್ಕದ ರಸೀದಿ. ಮನೆ ಕಟ್ಟಿದ ವರ್ಷಕ್ಕೂ ಸಂಪರ್ಕ ಸಿಕ್ಕ ವರ್ಷಕ್ಕೂ ಅಂತರವಿದ್ದರೆ, ಆ ಅಂತರದಲ್ಲಿ ಶೌಚದ ನೀರು ಎಲ್ಲೋ ಒಂದು ಗುಂಡಿಗೆ ಹೋಗಿರಲೇಬೇಕು. ಆ ಗುಂಡಿಯನ್ನು ಕಿತ್ತು ಹಾಕಿದ ದಾಖಲೆ ಇಲ್ಲವಾದರೆ ಅದು ಅಲ್ಲೇ ಇದೆ ಎಂದೇ ತಿಳಿಯಬೇಕು. ಕಂದಾಯ ಜಮೀನಿನಲ್ಲಿ ಎದ್ದ ರೆವಿನ್ಯೂ ಬಡಾವಣೆಗಳಲ್ಲಿ ಈ ಅಂತರ ಬಹಳ ವರ್ಷಗಳದ್ದಾಗಿರುತ್ತದೆ.

ಮನೆಗಿಂತ ಹಳೆಯದಾದ ಬಾವಿಗೆ ಬೇರೆ ದಾಖಲೆಗಳನ್ನು ನೋಡಬೇಕು. ಭೂಮಾಪನ ಇಲಾಖೆಯ ಗ್ರಾಮ ನಕ್ಷೆಗಳಲ್ಲಿ ಸರ್ವೆ ನಂಬರು, ಕೆರೆ, ಹಳ್ಳ, ಬಾವಿಗಳು ಕಾಣುತ್ತವೆ. ಈಗಿನ ನಿವೇಶನ ಯಾವ ಸರ್ವೆ ನಂಬರಿನಲ್ಲಿ ಬರುತ್ತದೆ ಎಂಬುದನ್ನು ದಿಶಾಂಕ್ ಆ್ಯಪ್ ಮೊಬೈಲಿನಲ್ಲೇ ತೋರಿಸುತ್ತದೆ. ಭಾರತೀಯ ಸರ್ವೇಕ್ಷಣಾ ಇಲಾಖೆಯ 57ಎಚ್/9 ಸಂಖ್ಯೆಯ ಹಾಳೆ ದಕ್ಷಿಣ ಬೆಂಗಳೂರನ್ನು ಒಳಗೊಳ್ಳುತ್ತದೆ. ಅದರ ಹಳೆಯ ಆವೃತ್ತಿಗಳಲ್ಲಿ ಬಾವಿಗಳು ಸಣ್ಣ ನೀಲಿ ವೃತ್ತಗಳಾಗಿ ಇವೆ. ಆ ಅಳತೆಯಲ್ಲಿ ಒಂದು ನಿವೇಶನವನ್ನು ನಿಖರವಾಗಿ ಗುರುತಿಸಲಾಗದು, ಆದರೆ ಆ ಸುತ್ತಿನಲ್ಲಿ ಬಾವಿ ಇತ್ತೇ ಎಂಬುದಕ್ಕೆ ಉತ್ತರ ಸಿಗುತ್ತದೆ. ಗೂಗಲ್ ಅರ್ತ್‌ನ ಹಳೆಯ ಉಪಗ್ರಹ ಚಿತ್ರಗಳಿಂದ ಖಾಲಿ ನಿವೇಶನದ ಕಾಲದ ಗುಂಡಿ, ಕಟ್ಟೆ, ಮರಗಳನ್ನು ಒಮ್ಮೊಮ್ಮೆ ಗುರುತಿಸಬಹುದು.

ದಾಖಲೆಯಲ್ಲಿ ಇಲ್ಲದ್ದು ಜನರ ನೆನಪಿನಲ್ಲಿರುತ್ತದೆ. ಎದುರು ಮನೆಯ ಅಜ್ಜಿ, ಬೀದಿಯ ಹಳೆಯ ಪ್ಲಂಬರ್, ಮನೆ ಕಟ್ಟಿದ ಮೇಸ್ತ್ರಿ, ಟ್ಯಾಂಕ್ ಖಾಲಿ ಮಾಡುವ ಗಾಡಿಯವರು, ಬಾವಿ ತೋಡುವ ಬೋವಿ ಸಮುದಾಯದ ಹಿರಿಯರು ಇಂಥ ಮಾಹಿತಿಯ ನಿಜವಾದ ಭಂಡಾರ. ಅವರನ್ನು ಕೇಳುವ ಪ್ರಶ್ನೆ ಖಚಿತವಾಗಿರಬೇಕು. ‘ಇಲ್ಲಿ ಟ್ಯಾಂಕ್ ಇತ್ತಾ?’ ಎಂದರೆ ‘ಗೊತ್ತಿಲ್ಲ’ ಎಂಬ ಉತ್ತರ ಬರುತ್ತದೆ. ‘ಯುಜಿಡಿ ಬರೋ ಮುಂಚೆ ಗಾಡಿಯವರು ಪೈಪ್ ಎಲ್ಲಿಗೆ ಬಿಡ್ತಿದ್ರು? ಬಟ್ಟೆ ಒಗೆಯೋ ಕಲ್ಲು ಎಲ್ಲಿತ್ತು? ನೀರು ಸೇದ್ತಾ ಇದ್ದದ್ದು ಯಾವ ಮೂಲೇಲಿ?’ ಎಂದು ಕೇಳಿದರೆ ಹಿರಿಯರು ತಾವೇ ಎದ್ದು ಬಂದು ಜಾಗ ತೋರಿಸುತ್ತಾರೆ. ಒಗೆಯುವ ಕಲ್ಲು ಬಾವಿಯಿಂದ ದೂರ ಇರುತ್ತಿರಲಿಲ್ಲ.

ಬೆಂಗಳೂರಿನ ಮನೆಗಳಿಗೆ ಇನ್ನೊಂದು ದಿಕ್ಸೂಚಿ ಇದೆ. ವಾಸ್ತುವನ್ನು ನಂಬಿ ಕಟ್ಟಿಸಿದವರು ಬಾವಿ, ಸಂಪು, ಬೋರುಗಳನ್ನು ಈಶಾನ್ಯದಲ್ಲಿಯೂ ಸೆಪ್ಟಿಕ್ ಟ್ಯಾಂಕನ್ನು ವಾಯವ್ಯದಲ್ಲಿಯೂ ಇಡಿಸುತ್ತಾರೆ. ನಂಬಿಕೆ ಹುಡುಕುವವರದ್ದಾಗಿರಬೇಕಿಲ್ಲ, ಕಟ್ಟಿಸಿದವರದ್ದಾಗಿದ್ದರೆ ಸಾಕು. ಆ ಎರಡು ಮೂಲೆಗಳನ್ನು ಮೊದಲು ನೋಡುವುದರಿಂದ ಹುಡುಕುವ ಜಾಗ ಕಿರಿದಾಗುತ್ತದೆ. ಜೊತೆಗೆ ನೆಲವೂ ಗುರುತು ಬಿಟ್ಟಿರುತ್ತದೆ. ದೊಡ್ಡ ಮಳೆಯ ಮರುದಿನ ಪಾರ್ಕಿಂಗ್ ಟೈಲ್ಸ್ ಒಂದೇ ಕಡೆ ತಟ್ಟೆಯಂತೆ ಕುಸಿದಿದ್ದರೆ ಕೆಳಗೆ ಸಡಿಲ ಮಣ್ಣಿದೆ. ಕಾಂಪೌಂಡ್ ಗೋಡೆ ಒಂದೇ ಜಾಗದಲ್ಲಿ ಓರೆಯಾಗಿ ಬಿರುಕು ಬಿಟ್ಟಿದ್ದರೆ ಅದರ ಬುಡವನ್ನು ಗಮನಿಸಬೇಕು. ಬೇಸಿಗೆಯಲ್ಲೂ ಒಂದು ತುಂಡು ಹುಲ್ಲು ಮಾತ್ರ ಹಸಿರಾಗಿರುವುದು, ಸುತ್ತಲಿನ ಹಾಸುಗಲ್ಲಿನ ನಡುವೆ ಒಂದು ಕಡಪಾ ಚಪ್ಪಡಿ ಮಾತ್ರ ಬೇರೆ ಬಣ್ಣದ್ದಾಗಿರುವುದು, ಸಂದಿಯಿಂದ ಸಂಜೆ ಜಿರಳೆ ಏಳುವುದು, ಗೋಡೆಗೆ ತಾಗಿ ಜಾಲರಿ ಟೋಪಿಯ ಹಳೆಯ ಗಾಳಿಕೊಳವೆ ನಿಂತಿರುವುದು ಇವೆಲ್ಲ ಸೂಚನೆಗಳು. ಒಂದೊಂದಾಗಿ ಇವಕ್ಕೆ ಬೇರೆ ಕಾರಣವೂ ಇರಬಹುದು. ಎರಡು ಮೂರು ಒಂದೇ ಕಡೆ ಸೇರಿದರೆ ಅಲ್ಲಿ ಹುಡುಕುವುದು ನ್ಯಾಯ.

ಶೌಚದ ಗುಂಡಿಯನ್ನು ಹಿಡಿಯಲು ಅತ್ಯಂತ ನಂಬಿಕೆಯ ದಾರಿ ಪೈಪು. ಹಳೆಯ ಕಕ್ಕಸಿನ ಕೊಳವೆ ಗೋಡೆಯಿಂದ ಹೊರಬಂದ ಕಡೆಯಿಂದ ಹುಡುಕಾಟ ಶುರುವಾಗಬೇಕು. ಒಳಚರಂಡಿ ಬಂದಾಗ ಸಾಮಾನ್ಯವಾಗಿ ಹಳೆಯ ಚೇಂಬರಿನಿಂದಲೇ ಹೊಸ ಪೈಪನ್ನು ಬೀದಿಗೆ ತಿರುಗಿಸಿ, ಗುಂಡಿಯ ಕಡೆಗಿನ ಬಾಯಿಗೆ ಸಿಮೆಂಟ್ ಬಳಿದಿರುತ್ತಾರೆ. ಚೇಂಬರಿನ ಮುಚ್ಚಳ ತೆಗೆದು ಮೇಲಿನಿಂದಲೇ ಟಾರ್ಚ್ ಬಿಟ್ಟು ನೋಡಿದರೆ ಮುಚ್ಚಿದ ಆ ಬಾಯಿ ಕಾಣುತ್ತದೆ, ಗುಂಡಿ ಯಾವ ದಿಕ್ಕಿಗಿದೆ ಎಂಬುದೂ ಗೊತ್ತಾಗುತ್ತದೆ. ಬಾಯಿ ತೆರೆದಿದ್ದರೆ ಬಿದಿರಿನ ದಬ್ಬೆಯನ್ನೋ ಪ್ಲಂಬರನ ಉದ್ದ ಸರಳನ್ನೋ ತಳ್ಳಿ, ತಡೆದ ಕಡೆಯ ಉದ್ದವನ್ನು ಅಳೆದು, ಅಷ್ಟೇ ದೂರವನ್ನು ನೆಲದ ಮೇಲೆ ಸುಣ್ಣದಲ್ಲಿ ಗುರುತು ಹಾಕಬಹುದು. ಈಗ ಪೈಪಿನೊಳಗೆ ಹೋಗುವ ಕ್ಯಾಮೆರಾಗಳೂ ಇವೆ. ಕೆಲವು ಕ್ಯಾಮೆರಾಗಳ ತುದಿಯಲ್ಲಿ ಸಣ್ಣ ಪ್ರೇಷಕ ಇರುತ್ತದೆ. ಮೇಲೆ ಹಿಡಿದ ಗ್ರಾಹಕ ಅದರ ಜಾಗವನ್ನೂ ಆಳವನ್ನೂ ಹೇಳುತ್ತದೆ.

ಶಂಕೆಯ ಜಾಗ ಕಿರಿದಾದ ಮೇಲೆ ಗಡಾರಿಯ ಕೆಲಸ. ಅದರ ಬುಡದಿಂದ ನೆಲವನ್ನು ಒಂದೊಂದು ಅಡಿಗೆ ತಟ್ಟುತ್ತ ಹೋದರೆ ಗಟ್ಟಿ ನೆಲದ ಸದ್ದಿಗೂ ಟೊಳ್ಳಿನ ಸದ್ದಿಗೂ ವ್ಯತ್ಯಾಸ ಅನುಭವಸ್ಥರಿಗೆ ಕೂಡಲೇ ತಿಳಿಯುತ್ತದೆ. ಬರಿ ಮಣ್ಣಿದ್ದರೆ ನಾಲ್ಕೈದು ಅಡಿಯ ತೆಳು ಕಬ್ಬಿಣದ ಸರಳನ್ನು ಕೈಯಿಂದ ನಿಧಾನಕ್ಕೆ ಇಳಿಸಬೇಕು. ಚಪ್ಪಡಿ ಇದ್ದರೆ ಒಂದೇ ಆಳದಲ್ಲಿ ಮತ್ತೆ ಮತ್ತೆ ತಡೆಯುತ್ತದೆ, ತುಂಬಿದ ಬಾವಿ ಇದ್ದರೆ ತಡೆಯಿಲ್ಲದೆ ಇಳಿಯುತ್ತದೆ. ಬೆಸ್ಕಾಂ ಕೇಬಲ್, ಅನಿಲದ ಕೊಳವೆ, ಕಾವೇರಿ ಪೈಪು ಮನೆಗೆ ಬರುವ ಸಾಲನ್ನು ಮೊದಲೇ ಗುರುತಿಸಿ ಅಲ್ಲಿ ಸರಳು ಇಳಿಸಬಾರದು. ಕೇಂದ್ರ ಸರ್ಕಾರ 2023ರಲ್ಲಿ ತಂದ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ ಇಂಥ ಸಾರ್ವಜನಿಕ ಕೇಬಲ್, ಕೊಳವೆಗಳನ್ನು ಅಗೆತದಿಂದ ಕಾಪಾಡಲೆಂದೇ ಇದೆ. ಖಾಸಗಿ ಅಂಗಳದ ಟ್ಯಾಂಕಿನ ಮಾಹಿತಿ ಅದರಲ್ಲಿ ಸಿಗದು. ನಡೆಯುತ್ತ ತಟ್ಟುವವರ ಭಾರಕ್ಕೇ ಹಳೆಯ ಚಪ್ಪಡಿ ಮುರಿಯಬಹುದು. ಹೀಗಾಗಿ ಟೊಳ್ಳು ಎನಿಸಿದ ಕಡೆ ಉದ್ದದ ಹಲಗೆ ಹಾಸಿ ಅದರ ಮೇಲೆ ನಿಲ್ಲುವುದು ಕ್ಷೇಮ.

ಯಂತ್ರಗಳ ಪೈಕಿ ಹೆಚ್ಚು ಉಪಯೋಗದ್ದು ನೆಲ ಸೀಳಿ ನೋಡುವ ರೇಡಾರ್, ಎಲ್ಲರ ಬಾಯಲ್ಲಿ ಜಿಪಿಆರ್. ತಳ್ಳುಗಾಡಿಯಂಥ ಈ ಯಂತ್ರ ರೇಡಿಯೊ ಅಲೆಗಳನ್ನು ನೆಲಕ್ಕೆ ಕಳಿಸಿ, ಮರಳಿ ಬಂದದ್ದನ್ನು ಪರದೆಯ ಮೇಲೆ ಬರೆಯುತ್ತದೆ. ಮಣ್ಣಿನಿಂದ ಕಲ್ಲಿಗೆ, ಕಲ್ಲಿನಿಂದ ಗಾಳಿಗೆ ಎಂದು ವಸ್ತು ಬದಲಾದಲ್ಲೆಲ್ಲ ಅಲೆ ತಿರುಗಿ ಬರುತ್ತದೆ. ಪೈಪು ಬೋರಲು ಹಾಕಿದ ಬಟ್ಟಲಿನಂತಹ ಕಮಾನಾಗಿ, ಚಪ್ಪಡಿ ಮಟ್ಟಸವಾದ ಗೆರೆಯಾಗಿ ಕಾಣುತ್ತದೆ. ಅದರಡಿ ಗಾಳಿ ಇದ್ದರೆ ಆ ಗೆರೆ ಇನ್ನೂ ಪ್ರಬಲ. ಇಡೀ ಅಂಗಳದಲ್ಲಿ ಅರ್ಧ ಮೀಟರಿಗೊಂದು ಸಾಲಿನಂತೆ ಉದ್ದಕ್ಕೂ ಅಡ್ಡಕ್ಕೂ ಓಡಿಸಿದರೆ ಗುಂಡಿಯ ಆಕಾರವೇ ಮೂಡುತ್ತದೆ. ಬೆಂಗಳೂರಿನ ಕೆಂಪು ಮಣ್ಣಿನಲ್ಲಿ ಜೇಡಿಯ ಪಾಲು ಹೆಚ್ಚಿರುವ ಕಡೆ, ಅದೂ ಮಳೆಗೆ ನೆನೆದಾಗ, ಅಲೆ ಬೇಗ ಸೋಲುತ್ತದೆ. ಫೆಬ್ರವರಿ, ಮಾರ್ಚಿನ ಒಣ ನೆಲದಲ್ಲಿ ಮಾಡಿಸಿದ ತಪಾಸಣೆ ಆಗಸ್ಟಿನದಕ್ಕಿಂತ ಸ್ಪಷ್ಟವಾಗಿರುತ್ತದೆ. ಕಂಬಿ ಕಟ್ಟಿದ ಕಾಂಕ್ರೀಟ್ ಮುಚ್ಚಳಗಳಿಗೆ ಲೋಹಶೋಧಕವೂ ನೆರವಾಗುತ್ತದೆ. ಟ್ಯಾಂಕಿನ ಗೋಡೆ ಇಟ್ಟಿಗೆಯದ್ದಾದರೂ ಮುಚ್ಚಳದ ಕಂಬಿಗೆ ಅದು ಸದ್ದು ಮಾಡುತ್ತದೆ. ಬೋರು ಕೊರೆಯುವ ಮುನ್ನ ಭೂವಿಜ್ಞಾನಿಗಳು ಬಳಸುವ ವಿದ್ಯುತ್ ರೋಧ ಪರೀಕ್ಷೆಯಿಂದ, ಸರಳುಗಳನ್ನು ಹತ್ತಿರ ಹತ್ತಿರ ನೆಟ್ಟರೆ, ತುಂಬಿದ ಬಾವಿಯಂಥ ದೊಡ್ಡ ಸಡಿಲ ಜಾಗವನ್ನೂ ಗುರುತಿಸಬಹುದು. ಅಂಗೈ ಅಗಲದ ಬೋರಿನ ಬಾಯಿಗೆ ಮಾತ್ರ ಕೇಸಿಂಗ್ ಉಳಿದಿದ್ದರೆ ಲೋಹಶೋಧಕ, ಇಲ್ಲವಾದರೆ ಹಳಬರ ನೆನಪು.

ಯಾವ ಯಂತ್ರದ ಮಾತೂ ಕೊನೆಯ ಮಾತಲ್ಲ. ಗುರುತಿಸಿದ ಜಾಗದ ಅಂಚಿನಲ್ಲಿ ಕೈಯಿಂದ ಒಂದು ಸಣ್ಣ ಗುಂಡಿ ತೋಡಿ, ಕಟ್ಟಣೆಯ ಗೋಡೆಯನ್ನೋ ಮುಚ್ಚಳದ ತುದಿಯನ್ನೋ ಕಣ್ಣಾರೆ ನೋಡಿದಾಗಲೇ ಪತ್ತೆ ಪೂರ್ಣವಾಗುತ್ತದೆ. ಈ ಹಂತಕ್ಕೆ ಮೊದಲೇ ಜೆಸಿಬಿ ಅಂಗಳಕ್ಕೆ ಇಳಿಯಬಾರದು. ಹಲವು ಟನ್ ತೂಕದ ಯಂತ್ರದ ಚಕ್ರ ಹಳೆಯ ಚಪ್ಪಡಿಯ ಮೇಲೆ ಹೋದರೆ ಯಂತ್ರವೂ ಚಾಲಕನೂ ಗುಂಡಿಯೊಳಗೆ.

ಮುಚ್ಚಳ ಸಿಕ್ಕ ಕ್ಷಣದಿಂದ ಅಪಾಯ ಬೇರೆ ಬಗೆಯದು. ಹಳೆಯ ಶೌಚಗುಂಡಿಯಲ್ಲಿ ಹೈಡ್ರೋಜನ್ ಸಲ್ಫೈಡ್, ಮೀಥೇನ್, ಕಾರ್ಬನ್ ಡೈ ಆಕ್ಸೈಡ್ ತುಂಬಿ, ಆಮ್ಲಜನಕ ಕುಗ್ಗಿರುತ್ತದೆ. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ 100 ಭಾಗ ಮುಟ್ಟುವಾಗ ಮೂಗು ತನ್ನ ಶಕ್ತಿ ಕಳೆದುಕೊಳ್ಳುತ್ತದೆ. ವಾಸನೆ ಹೋಯಿತು ಎಂದರೆ ಅನಿಲ ಹೋಯಿತು ಎಂದಲ್ಲ. ಬಾವಿ ತೋಡುವವರು ದೀಪ ಇಳಿಸಿ ಗಾಳಿ ಪರೀಕ್ಷಿಸುವ ಹಳೆಯ ಕ್ರಮವನ್ನು ಶೌಚಗುಂಡಿಗೆ ತರಬಾರದು, ಏಕೆಂದರೆ ಗಾಳಿಯಲ್ಲಿ ಮೀಥೇನ್ ಶೇ 5ರಿಂದ 15ರಷ್ಟಿದ್ದರೆ ಕಿಡಿಗೆ ಸ್ಫೋಟವಾಗುತ್ತದೆ. ವರ್ಷಗಟ್ಟಲೆ ಮುಚ್ಚಿದ ಸಂಪಿನೊಳಗೂ ಉಸಿರಾಡುವ ಗಾಳಿ ಇಲ್ಲದಿರಬಹುದು. ಒಬ್ಬರು ಕುಸಿದಾಗ ಎತ್ತಲು ಇಳಿದ ಇನ್ನೊಬ್ಬರು, ಮತ್ತೊಬ್ಬರು ಸಾಯುವುದು ಇಂಥ ದುರಂತಗಳ ಸಾಮಾನ್ಯ ಸ್ವರೂಪ. ಆದ್ದರಿಂದ ಯಾವ ಕಾರಣಕ್ಕೂ ಯಾರನ್ನೂ ಒಳಗೆ ಇಳಿಸಬಾರದು. ಇದು ಕಾನೂನೂ ಹೌದು. ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ 2013ರ ಕಾಯ್ದೆಯ 7ನೇ ಕಲಂ, ರಕ್ಷಣೆಯಿಲ್ಲದೆ ಮನುಷ್ಯರಿಂದ ಸೆಪ್ಟಿಕ್ ಟ್ಯಾಂಕ್ ಶುಚಿ ಮಾಡಿಸುವುದನ್ನು ನಿಷೇಧಿಸಿದೆ. ಗುಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರ ಎಂದು 2014ರಲ್ಲಿ ಹೇಳಿದ್ದ ಸುಪ್ರೀಂ ಕೋರ್ಟ್, 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ‘ಬರೀ ಮಣ್ಣು ತುಂಬಿದೆ, ಇಳಿದು ನೋಡಪ್ಪ’ ಎಂದು ಕೂಲಿಯವನಿಗೆ ಹೇಳುವ ಮನೆಯೊಡೆಯ ಒಂದು ಜೀವವನ್ನು ಪಣಕ್ಕಿಡುತ್ತಿದ್ದಾನೆ.

ಸಿಕ್ಕ ಕಟ್ಟಣೆಯನ್ನು ಏನು ಮಾಡಬೇಕೆಂಬುದು ಅದು ಏನು ಎಂಬುದರ ಮೇಲಿದೆ. ಶೌಚಗುಂಡಿಯನ್ನು ಗಾಡಿಯಿಂದ ಪೂರ್ತಿ ಹೀರಿಸಿ, ಮೇಲಿನಿಂದಲೇ ಯಂತ್ರದಿಂದ ಮುಚ್ಚಳ ಕಿತ್ತು, ನೀರು ನಿಲ್ಲದಂತೆ ತಳವನ್ನು ಒಡೆದು, ಜಲ್ಲಿ ಮತ್ತು ಗಟ್ಟಿ ಮಣ್ಣನ್ನು ಪದರಪದರವಾಗಿ ದಮ್ಮಸು ಮಾಡಿ ತುಂಬಬೇಕು. ಅದನ್ನು ಮಳೆನೀರಿನ ಇಂಗುಗುಂಡಿಯಾಗಿ ಬಳಸುವ ಆಸೆ ಬೇಡ, ಉಳಿದ ಕೊಳೆ ನೇರವಾಗಿ ಅಂತರ್ಜಲಕ್ಕೆ ಇಳಿಯುತ್ತದೆ. ಕುಡಿಯುವ ನೀರಿನ ಮೂಲದಿಂದ ಇಂಗುಗುಂಡಿ 18 ಮೀಟರ್ ದೂರವಿರಬೇಕೆಂದು ಐಎಸ್ 2470 ಹೇಳುತ್ತದೆ. 30-40 ಅಡಿ ಅಳತೆಯ ನಿವೇಶನದ ಮೂಲೆಯಿಂದ ಮೂಲೆಗೆ ಇರುವುದೇ 50 ಅಡಿ, ಅಂದರೆ ಸುಮಾರು 15 ಮೀಟರ್. ಬಾವಿ, ಪಿಟ್ ಎರಡೂ ಇದ್ದ ಅಂಥ ನಿವೇಶನದಲ್ಲಿ ಆ ದೂರ ಪಾಲನೆಯಾಗಿರಲು ಸಾಧ್ಯವೇ ಇಲ್ಲ. ಅಲ್ಲಿನ ಬಾವಿ ಅಥವಾ ಬೋರಿನ ನೀರನ್ನು ಪರೀಕ್ಷೆ ಮಾಡಿಸದೆ ಕುಡಿಯಬಾರದು.

ಹಳೆಯ ಸಂಪು ಗಟ್ಟಿಯಾಗಿದ್ದರೆ ದುರಸ್ತಿ ಮಾಡಿ ಮಳೆನೀರು ತುಂಬಲು ಬಳಸಬಹುದು. ಬಾವಿ ಸಿಕ್ಕರೆ ಅದು ಹೊರೆಯೆಂದು ತಿಳಿಯಬೇಕಿಲ್ಲ. ಕಸ ತೆಗೆಸಿ, ಹೂಳು ಎತ್ತಿಸಿ, ತಾರಸಿಯ ಸೋಸಿದ ನೀರನ್ನು ಬಿಟ್ಟರೆ ಅದು ಮರುಪೂರಣ ಬಾವಿಯಾಗುತ್ತದೆ. 2009ರಲ್ಲಿ ಜಲಮಂಡಳಿ ಕಾಯ್ದೆಗೆ ತಂದ ತಿದ್ದುಪಡಿಯಿಂದ ಮಳೆನೀರು ಕೊಯ್ಲು ಕಡ್ಡಾಯವಾಗಿದೆ. ಜಯನಗರದಲ್ಲೇ ಇರುವ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೊಯ್ಲು ಉದ್ಯಾನದಲ್ಲಿ ಅದರ ಬಗೆಬಗೆಯ ಮಾದರಿಗಳನ್ನು ನೋಡಬಹುದು. ಹೊಸ ಮರುಪೂರಣ ಬಾವಿಗೆ ಹಣ ಕೊಡುವ ಮೊದಲು ಹಳೆಯದನ್ನು ಉಳಿಸಿಕೊಳ್ಳುವುದು ಜಾಣತನ. ಬತ್ತಿದ ಬೋರನ್ನು ಮಾತ್ರ ತಡಮಾಡದೆ ಮುಚ್ಚಬೇಕು. 2010ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಮಾರ್ಗಸೂಚಿಯ ಪ್ರಕಾರ ಜೇಡಿ, ಮರಳು, ಕಲ್ಲು, ಕೊರೆದ ಪುಡಿಗಳಿಂದ ಅದನ್ನು ತಳದಿಂದ ನೆಲಮಟ್ಟದವರೆಗೆ ತುಂಬಬೇಕು. 2024ರ ಏಪ್ರಿಲಿನಲ್ಲಿ ವಿಜಯಪುರ ಜಿಲ್ಲೆಯ ಲಚ್ಯಾಣದಲ್ಲಿ ಕೊಳವೆಬಾವಿಗೆ ಬಿದ್ದ ಮಗುವನ್ನು ಜೀವಂತ ಹೊರತೆಗೆದದ್ದು ನಾಡಿಗೆಲ್ಲ ಸಮಾಧಾನ ತಂದಿತು. ಎಲ್ಲ ಮಕ್ಕಳಿಗೂ ಆ ಅದೃಷ್ಟ ಸಿಕ್ಕಿಲ್ಲ.

ಮನೆ ಕಟ್ಟುವವರಿಗೆ ಉಳಿಯುವುದು ಪಾಯದ ಪ್ರಶ್ನೆ. ಕಸ ಸುರಿದು ತುಂಬಿದ ಬಾವಿಯ ಮಣ್ಣು ವರ್ಷಗಳ ನಂತರವೂ ಕುಗ್ಗುತ್ತಲೇ ಇರುತ್ತದೆ. ಒಂದು ಕಂಬ ಅದರ ಮೇಲೆ, ಉಳಿದವು ಗಟ್ಟಿ ನೆಲದ ಮೇಲೆ ಬಂದರೆ ಕಟ್ಟಡ ಒಂದು ಕಡೆ ಇಳಿದು ಗೋಡೆಗಳು ಬಿರಿಯುತ್ತವೆ. ಪಾಯಕ್ಕೆ ಮೊದಲೇ ತಿಳಿದಿದ್ದರೆ ಎಂಜಿನಿಯರ್ ಕಂಬದ ಜಾಗ ಬದಲಿಸಬಹುದು, ಬಾವಿಯ ಎರಡೂ ದಡಗಳ ಮೇಲೆ ತೊಲೆ ಹಾಯಿಸಬಹುದು ಅಥವಾ ಇಡೀ ಕಟ್ಟಡಕ್ಕೆ ರಾಫ್ಟ್ ಪಾಯ ಕೊಡಬಹುದು. ಮೂರು ಮಹಡಿ ಎದ್ದ ಮೇಲೆ ತಿಳಿದರೆ ಈ ಯಾವ ದಾರಿಯೂ ಸುಲಭದ್ದಲ್ಲ.

ಇಷ್ಟೆಲ್ಲ ಹುಡುಕಾಟಕ್ಕೆ ಮೂಲ ಕಾರಣ, ಮುಚ್ಚಿದವರು ಬರೆದಿಡದೆ ಹೋದದ್ದು. ಮನೆ ಮಾರುವಾಗ ನೆಲದಡಿಯ ಕಟ್ಟಣೆಗಳ ಒಂದು ನಕ್ಷೆಯನ್ನು ಕ್ರಯಪತ್ರದ ಜೊತೆ ಕೊಡುವುದು ಈ ಊರಿನಲ್ಲಿ ಪದ್ಧತಿಯಾಗಬೇಕು. ಅದಕ್ಕೆ ಹೆಚ್ಚಿನ ಜಾಣ್ಮೆ ಬೇಡ. ಕಾಂಪೌಂಡಿನ ಎರಡು ಗೋಡೆಗಳಿಂದ ಇರುವ ದೂರ, ಮುಚ್ಚಳ ಎಷ್ಟು ಆಳದಲ್ಲಿದೆ, ಅದು ಸಂಪೋ ಪಿಟ್ಟೋ ಬಾವಿಯೋ ಬೋರೋ, ಯಾವ ವರ್ಷ ಮುಚ್ಚಿದ್ದು, ಏನು ತುಂಬಿದ್ದು ಎಂಬಷ್ಟು ವಿವರ ಒಂದು ಹಾಳೆಯಲ್ಲಿದ್ದು, ಮುಚ್ಚುವ ಮೊದಲು ತೆಗೆದ ಎರಡು ಫೋಟೊ ಜೊತೆಗಿದ್ದರೆ ಮುಂದಿನವರಿಗೆ ಗಡಾರಿಯೂ ರೇಡಾರೂ ಬೇಕಾಗುವುದಿಲ್ಲ.